ವೈದ್ಯಪರಿಭಾಷೆಯೂ ರೋಗಿಯ ನುಡಿಯೂ

ಕನ್ನಡದಲ್ಲಿ ವೈದ್ಯಗ್ರಂಥಗಳು ಇಂದು ನಿನ್ನೆ ಹುಟ್ಟಿದವಲ್ಲ. ಸು. 1125ರ ಕೀರ್ತಿವರ್ಮನು ಗೋವೈದ್ಯವನ್ನೂ, ಸು. 1150ರ ಜಗದ್ದಳ ಸೋಮನಾಥನು ಪೂಜ್ಯಪಾದರನ್ನು ಅನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನೂ, ಸು. 1360ರ ಒಂದನೆಯ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ಖಗೇಂದ್ರಮಣಿದರ್ಪಣವನ್ನೂ ರಚಿಸಿದುದು ಪಂಡಿತರಿಗೆ ವಿದಿತವೇ ಆಗಿದೆ. ಇವು ಮುಖ್ಯವಾಗಿ ವೈದ್ಯನನ್ನು ಉದ್ದೇಶಿಸಿದ ಗ್ರಂಥಗಳು. ರೋಗಿಯ ಮಗ್ಗುಲಲ್ಲಿ ಇರುಳು ಕಳೆಯತಕ್ಕ ಪರಿಚಾರಕನಿಗೆ ಬೇಕಾದ ಮಾತುಗಳನ್ನು ಒಂದೆಡೆ ಕೂಡಿಸುವುದು ಅವುಗಳ ಗುರಿಯಲ್ಲ. ಚರಕಸಂಹಿತೆಯಾದರೋ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಎಣಿಸಿ, ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವಗಳಿರಬೇಕೆಂದು ವಿಧಿಸಿದೆ. ಆ ಮೂರನೆಯ ಪಾದಕ್ಕೆ ತಕ್ಕ ಕನ್ನಡ ಪರಿಭಾಷೆ ಇನ್ನೂ ಸಿದ್ಧವಾಗಬೇಕಾಗಿದೆ.

ಇದು ಕೇವಲ ನಿಘಂಟುಕಾರರ ಚರ್ಚೆಯೆಂದು ಭಾವಿಸುವವರು ಬೆಂಗಳೂರಿನ ಪಶ್ಚಿಮಭಾಗವನ್ನು ನೋಡಬೇಕು. 1948ರ ಕಾರ್ಮಿಕರ ರಾಜ್ಯ ವಿಮಾ ಶಾಸನಕ್ಕೆ ಒಳಪಟ್ಟ ದೊಡ್ಡ ಆಸ್ಪತ್ರೆಯೂ ಅದರ ವೈದ್ಯಕೀಯ ಮಹಾವಿದ್ಯಾಲಯವೂ ರಾಜಾಜಿನಗರದಲ್ಲಿವೆ. ಕೆಂಗೇರಿಯ ಕಡೆ ಮೈಸೂರು ರಸ್ತೆಯಲ್ಲಿ ಇಂತಹ ವಿದ್ಯಾಲಯಗಳು ಹಲವು. ಬೆಂಗಳೂರಿನಲ್ಲಿ ಶುಶ್ರೂಷಾವಿದ್ಯೆಯನ್ನು ಕಲಿಯುವವರಲ್ಲಿ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದವರು ಬಹುಮಂದಿ. ರೋಗಿಗಳಲ್ಲಿಯೂ ಮಂಡ್ಯ, ತುಮಕೂರುಗಳವನು ‘ಹುಷಾರಿಲ್ಲ’ ಎಂದರೆ ರಾಯಚೂರು, ಕಲಬುರಗಿಗಳವನು ‘ಆರಾಮಿಲ್ಲ’ ಎನ್ನುತ್ತಾನೆ. ಒಬ್ಬನ ‘ಕಾಯಿಲೆ’ ಮತ್ತೊಬ್ಬನಿಗೆ ‘ಜಡ್ಡು’. 2019ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ಆರಂಭದ ತರಗತಿಗಳಲ್ಲಿಯೇ ಸ್ಥಳೀಯ ಭಾಷೆಗೆ ಎಡೆಕೊಟ್ಟಿತು. ಎಡೆಯೇನೋ ದೊರೆಯಿತು, ಅಲ್ಲಿ ಬಡಿಸತಕ್ಕುದು ಯಾವುದೆಂಬುದೇ ಪ್ರಶ್ನೆ.

ಉಸಿರಿಗೆ ಸಂಬಂಧಿಸಿದ ಮಾತುಗಳನ್ನು ಪರೀಕ್ಷಿಸಬಹುದು. ಪಾರಿಭಾಷಿಕವಾಗಿ ‘ಶ್ವಾಸಕಷ್ಟ’ ಎಂಬ ಒಂದು ಪದ ಸಾಕೆಂದು ತೋರುತ್ತದೆ. ಜನರ ನುಡಿಯಲ್ಲಿಯಾದರೋ ಮೆಟ್ಟಿಲು ಹತ್ತಿ ಬಂದವನದು ‘ಏದುಸಿರು’. ಎದೆಯಲ್ಲಿ ಸುಯ್ಗುಡುತ್ತ ಇರುಳೆಲ್ಲ ಕುಳಿತೇ ಇರುವವನದು ‘ಉಬ್ಬಸ’. ‘ಮೇಲುಸಿರು’ ಎಂದರೋ ಮನೆಯವರು ಊರಿನ ಬಂಧುಗಳಿಗೆ ಹೇಳಿಕಳುಹಿಸುವ ಹೊತ್ತು. ಪ್ರಾಪ್ತವಯಸ್ಕನಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜವೆಂಬುದನ್ನು ವಿದ್ಯಾರ್ಥಿನಿ ಗಡಿಯಾರ ಹಿಡಿದು ಎಣಿಸಬಲ್ಲಳು. ಆದರೆ ‘ಅಜ್ಜನಿಗೆ ಮೇಲುಸಿರು ಬಂದಿದೆ ಸಿಸ್ಟರ್’ ಎಂದು ಮೊಮ್ಮಗನು ಓಡಿಬಂದು ಹೇಳಿದಾಗ, ಅದನ್ನು ‘ಶ್ವಾಸಕಷ್ಟ’ವೆಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರೆ ಅನರ್ಥವೇ ಸರಿ. ಮೂರು ಅರ್ಥಗಳಿದ್ದೆಡೆ ಒಂದೇ ಪದವನ್ನಿರಿಸುವುದು ಪರಿಷ್ಕಾರವಲ್ಲ, ನಷ್ಟ.

ಕೈಕಾಲುಗಳ ವಿಷಯವೂ ಹೀಗೆಯೇ. ‘ಜೋಮು’ ಹಿಡಿದ ಕೈ ಬೇರೆ, ‘ಮರಗಟ್ಟಿದ’ ಕೈ ಬೇರೆ, ‘ಸ್ವಾಧೀನ ತಪ್ಪಿದ’ ಕೈ ಬೇರೆ. ಮೊದಲನೆಯದು ಚುಮುಗುಟ್ಟುವುದು, ಎರಡನೆಯದು ಸ್ಪರ್ಶವನ್ನರಿಯದುದು. ಮೂರನೆಯದು ಚಲನೆಯನ್ನೇ ಕಳೆದುಕೊಂಡುದು, ಎಂದರೆ ಅರ್ಧಾಂಗವಾಯುವಿನ ಶಂಕೆ. ಒಡೆತನದ ಅರ್ಥವುಳ್ಳ ‘ಸ್ವಾಧೀನ’ವೆಂಬ ಸಂಸ್ಕೃತ ಪದಕ್ಕೆ ಈ ಸೂಕ್ಷ್ಮಾರ್ಥವನ್ನು ಕೊಟ್ಟವರು ಪಂಡಿತರಲ್ಲ, ರೋಗಿಗಳು.

ಸಂಸ್ಕೃತಮೂಲದ ಪದಗಳೆಲ್ಲ ತ್ಯಾಜ್ಯವೆಂಬುದು ಇಲ್ಲಿಯ ವಾದವಲ್ಲ. ‘ಶಸ್ತ್ರಚಿಕಿತ್ಸೆ’, ‘ಮಧುಮೇಹ’ಗಳು ಚೆನ್ನಾಗಿ ಬೇರೂರಿವೆ, ಅವುಗಳಿಂದ ಬೇರೆ ಪದಗಳನ್ನು ಸಾಧಿಸುವುದೂ ಸುಲಭ. ಆದರೆ ಬೇರೂರುವುದಕ್ಕೆ ವ್ಯಾಕರಣಶುದ್ಧಿಯೊಂದೇ ಕಾರಣವಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅರಿಸಮಾಸವನ್ನು ನಿಷೇಧಿಸಿ, ಬಿರುದಾವಳಿಗೂ ಪೂರ್ವಕವಿಪ್ರಯೋಗಕ್ಕೂ ವಿನಾಯಿತಿ ಕೊಟ್ಟನು. ‘ರಕ್ತದೊತ್ತಡ’ವು ಅರಿಸಮಾಸವೆಂದು ಆಕ್ಷೇಪಿಸಿದರೆ ಅದು ನಿಲ್ಲದು: ಅಲ್ಲಿ ಷಷ್ಠೀವಿಭಕ್ತಿಯು ಲೋಪವಾಗದೆ ಉಳಿದಿದೆ, ಆದುದರಿಂದ ಅದು ಸಮಾಸವೇ ಅಲ್ಲ, ಎರಡು ಪದಗಳ ಸಂಧಿ. ‘ಉರಿಮೂತ್ರ’ವಾದರೋ ನಿಸ್ಸಂಶಯವಾಗಿ ಕೇಶಿರಾಜನ ದಂಡನೆಗೆ ಪಾತ್ರ. ಆದರೂ ಅದನ್ನು ಕೇಳಿ ಅರ್ಥವಾಗದ ಕನ್ನಡಿಗನಿಲ್ಲ. ‘ಮೂತ್ರದಾಹ’ವೆಂದರೆ ರೋಗಿಗೆ ಬಾಯಾರಿಕೆಯ ನೆನಪಾದೀತು. (‘ಬಿ.ಪಿ. ಇದೆ’, ‘ಶುಗರ್ ಇದೆ’ ಎಂಬ ಮಾತುಗಳ ಗತಿಯೇ ಬೇರೆ. ರಕ್ತದೊತ್ತಡವೂ ರಕ್ತದಲ್ಲಿ ಸಕ್ಕರೆಯೂ ಇಲ್ಲದೆ ಬದುಕಿದವರು ಯಾರು?)

ಹೆಸರಿನಲ್ಲಿಯೇ ಕಾರಣವು ತೋರುವಂತಿದ್ದರೆ ಉಪಚಾರವೂ ತೋರುತ್ತದೆ. ‘ಶಯ್ಯಾವ್ರಣ’ವೆಂದರೂ ‘ಹಾಸಿಗೆಹುಣ್ಣು’ ಎಂದರೂ ಪದಾರ್ಥ ಒಂದೇ. ಆದರೆ ಎರಡನೆಯದನ್ನು ಕೇಳಿದ ಮನೆಯಾಕೆಗೆ, ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು, ಹಾಸಿಗೆಯಲ್ಲಿ ತೇವ ನಿಲ್ಲದಂತೆಯೂ ಬಟ್ಟೆ ಸುಕ್ಕಾಗದಂತೆಯೂ ನೋಡಿಕೊಳ್ಳಬೇಕು ಎಂಬುದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಕಾಗದು.

ಇನ್ನು ಈ ವಿದ್ಯೆಯ ಹೆಸರು. ‘ಶುಶ್ರೂಷೆ’ ಎಂಬುದು ಶ್ರು ಧಾತುವಿಗೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯ ಸೇರಿ ಆದ ರೂಪ. ‘ಕೇಳಬೇಕೆಂಬ ಬಯಕೆ’ ಎಂಬುದು ಅದರ ಮೂಲಾರ್ಥ, ಸೇವೆಯೆಂಬುದು ಅನಂತರ ಬಂದುದು. ‘ಆರೈಕೆ’ಯು ಹಳಗನ್ನಡದ ಆರಯ್ ಧಾತುವಿನದು, ಅರಸಿ ನೋಡು, ವಿಚಾರಿಸು ಎಂಬ ಅರ್ಥಗಳು ಅದಕ್ಕುಂಟು. ಒಂದು ಕಿವಿಯ ಕೆಲಸ, ಇನ್ನೊಂದು ಕಣ್ಣಿನ ಕೆಲಸ. ಶುಶ್ರೂಷಾ ವಿದ್ಯಾರ್ಥಿಗಳಿಗೆ ಪದಕೋಶವನ್ನು ಸಿದ್ಧಪಡಿಸುವವರು ಇಂಗ್ಲಿಷ್ ಪಟ್ಟಿಯನ್ನು ಮುಂದಿಟ್ಟುಕೊಂಡು ಕನ್ನಡವನ್ನು ಕಟ್ಟುವುದಕ್ಕೆ ಮೊದಲು, ವಾರ್ಡಿನಲ್ಲಿ ಕೆಲವು ದಿನ ಕುಳಿತು ಜೋಮು, ಸಂಕಟ, ಸೆಳೆತ, ನುಲಿತ, ಮೇಲುಸಿರುಗಳನ್ನು ಯಾವ ಊರಿನವರು ಯಾವ ಅರ್ಥದಲ್ಲಿ ಆಡುತ್ತಾರೆಂಬುದನ್ನು ಬರೆದುಕೊಳ್ಳಬೇಕಾಗಿದೆ.