ಆರ್ಗ್ಯಾನಿಕ್‌ಗೆ ಬಾಯಿಪಾಠ ಸಾಲದು

ಬಿ.ಎಸ್ಸಿ. ಮಕ್ಕಳ ಆರ್ಗ್ಯಾನಿಕ್ ಕೆಮಿಸ್ಟ್ರಿ ನೋಟ್ಸ್ ತಿರುವಿಹಾಕಿದರೆ ಯಾರ ಓದು ಎತ್ತ ಸಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಹೋಳಿ ಆಡಿದಂತೆ ಹೈಲೈಟರ್ ಬಳಿದ ಪುಟಗಳನ್ನು ಕಂಡರೆ ನನಗೆ ದಿಗಿಲು. ಗೀಚಿ, ಹೊಡೆದುಹಾಕಿ, ಮತ್ತೆ ಗೀಚಿದ ರಫ್ ಪುಸ್ತಕ ಕಂಡರೆ ಸಮಾಧಾನ.

ಆಲ್ಡಾಲ್, ಪರ್ಕಿನ್, ಕ್ಲೇಸನ್, ಕ್ಯಾನಿಜಾರೊ ಎಂದು ಉರು ಹೊಡೆಯಹೊರಟವರು ಸೆಮಿಸ್ಟರ್ ಮುಗಿಯುವ ಮೊದಲೇ ಸುಸ್ತಾಗುತ್ತಾರೆ. ಅಸಲಿಗೆ ಮೊದಲ ಮೂರರ ಜೀವಾಳ ಒಂದೇ. ಕಾರ್ಬೊನೈಲ್ ಪಕ್ಕದ ಕಾರ್ಬನ್ ಒಂದು ಪ್ರೋಟಾನ್ ಬಿಟ್ಟುಕೊಟ್ಟು ಎನೊಲೇಟ್ ಆಗುತ್ತದೆ. ಅದು ಇನ್ನೊಂದು ಕಾರ್ಬೊನೈಲ್ ಮೇಲೆ ಎರಗುತ್ತದೆ. ಕ್ಯಾನಿಜಾರೊ ಏಕೆ ಬೇರೆ ದಾರಿ ಹಿಡಿಯಿತು? ಬೆಂಜಾಲ್ಡಿಹೈಡ್‌ನಲ್ಲಿ ಕಿತ್ತುಕೊಳ್ಳಲು ಆಲ್ಫಾ ಹೈಡ್ರೋಜನ್ನೇ ಇಲ್ಲ. ಇಷ್ಟು ತಿಳಿದವರಿಗೆ ನಾಲ್ಕು ಹೆಸರುಗಳ ಭಾರ ಅರ್ಧ ಇಳಿದಂತೆ.

ಇದನ್ನೆಲ್ಲ ಕಣ್ಣಿಗೆ ಕಾಣಿಸುವುದು ಬಾಗಿದ ಬಾಣ. ಕರ್ಮ್ಯಾಕ್ ಮತ್ತು ರಾಬರ್ಟ್ ರಾಬಿನ್ಸನ್ 1922ರಲ್ಲಿ ಅದನ್ನು ಬಳಕೆಗೆ ತಂದರು. ಬಾಣ ಹೊರಡುವುದು ಎಲೆಕ್ಟ್ರಾನ್ ಜೋಡಿ ಇರುವಲ್ಲಿಂದ. ಪ್ರೋಟಾನಿನಿಂದ ಬಾಣ ಹೊರಡಿಸುವವರು ಇನ್ನೂ ಹೊಸ್ತಿಲಾಚೆಯೇ ಇದ್ದಾರೆ.

ಆದ್ದರಿಂದ ಮೆಕ್ಯಾನಿಸಂ ಒಮ್ಮೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬಿಡಿಸಿ. ಕೈ ಎಲ್ಲಿ ನಿಲ್ಲುತ್ತದೋ ಆ ಹಂತವನ್ನಷ್ಟೇ ತೆರೆದು ನೋಡಿ. ಮರುದಿನ, ಆಲ್ಡಾಲ್ ಆಗಿದ್ದರೆ, ಅಸಿಟಾಲ್ಡಿಹೈಡ್ ಬದಲು ಅಸಿಟೋನ್ ಇಟ್ಟು ಅದನ್ನೇ ಮಾಡಿ. ವಾರ ಬಿಟ್ಟು ಬೇರೆ ರಿಯಾಕ್ಷನ್‌ಗಳ ಜೊತೆ ಕಲಸಿ ಮಾಡಿ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾಠವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದಾಗ ಮುಂದಿದ್ದವರು ನೋಡದೆ ನೆನಪಿಸಿಕೊಂಡು ಬರೆದವರು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲ ಗೊತ್ತಿದೆ ಅನ್ನಿಸುವುದಕ್ಕೂ ಹಾಲ್‌ನಲ್ಲಿ ಕೈ ಓಡದಿರುವುದಕ್ಕೂ ಕಾರಣ ಹುಡುಕುವವರಿಗೆ ಇದು ಸಾಕು.

ಐಯುಪಿಎಸಿ ಹೆಸರಿಡುವ ನಿಯಮಗಳಿಗೆ ಕೆಲವು ಸಂಜೆ ಕೊಟ್ಟರಾಯಿತು. ಸ್ಟೀರಿಯೊಕೆಮಿಸ್ಟ್ರಿಯನ್ನು ಮಾತ್ರ ಕಾಗದದ ಮೇಲೆ ಕಲಿಯಹೋಗಬೇಡಿ. ಜೇಡಿಮಣ್ಣಿನ ಉಂಡೆ, ಬೆಂಕಿಕಡ್ಡಿಗಳಿಂದ ಅಣು ಕಟ್ಟಿ, ತಿರುಗಿಸಿ ನೋಡಿ. ಪುಸ್ತಕದಲ್ಲಿ ನನ್ನ ಆಯ್ಕೆ ಮಾರಿಸನ್ ಮತ್ತು ಬಾಯ್ಡ್. ಹಳೆಯದಾಯಿತು ಎನ್ನುವವರಿದ್ದಾರೆ, ಇರಲಿ. ಅದರ ಅಧ್ಯಾಯದ ಕೊನೆಯ ಲೆಕ್ಕಗಳನ್ನು ಬಿಡಬೇಡಿ. ಗೈಡ್ ಕೊನೆಗೆ.

ಪಾಠ ಮಾಡುವವರಲ್ಲೂ ಒಂದು ಮನವಿ. ಇಂಟರ್ನಲ್ಸ್‌ನಲ್ಲಿ ‘ಆಲ್ಡಾಲ್ ಕಂಡೆನ್ಸೇಷನ್ ವಿವರಿಸಿ’ ಎಂದು ಕೇಳುವುದನ್ನು ಬಿಟ್ಟು, ತರಗತಿಯಲ್ಲಿ ಬಾರದ ಒಂದು ಅಣು ಕೊಟ್ಟು ಬಾಣ ಬಿಡಿಸಲು ಹೇಳಿ.