ಜಿರಳೆ ಮ್ಯಾಲ ಬಂದ್ರ

ಚೈತನ್ಯ ತಮ್ಹಾಣೆ ನಿರ್ದೇಶಿಸಿದ ಮರಾಠಿ ಸಿನಿಮಾ ‘ಕೋರ್ಟ್’ (2014) ಮೊನ್ನೆ ಎರಡನೇ ಸಲ ನೋಡಿದೆ. ಮೊದಲ ಸಲ ನ್ಯಾಯಾಲಯದ ಆಮೆ ನಡಿಗೆಗೆ ನಕ್ಕಿದ್ದೆ. ಈ ಸಲ ಒಂದು ದೃಶ್ಯದಿಂದ ಮುಂದೆ ಹೋಗೋಕೇ ಆಗಲಿಲ್ಲ.

ಮುಂಬೈನ ಮ್ಯಾನ್‌ಹೋಲ್ ಕಾರ್ಮಿಕ ವಾಸುದೇವ ಪವಾರ್ ಸತ್ತಿದ್ದಾನೆ. ಲಾವಣಿಕಾರ ನಾರಾಯಣ ಕಾಂಬಳೆಯ ಹಾಡು ಕೇಳಿ ಆತ್ಮಹತ್ಯೆ ಮಾಡಿಕೊಂಡ ಅಂತ ಕೇಸು. ಸಾಕ್ಷಿಕಟ್ಟೆಯಲ್ಲಿ ಅವನ ಹೆಂಡತಿ ಹೇಳ್ತಾಳೆ: ಇಳಿಯೋ ಮುಂಚೆ ಗಂಡ ಗುಂಡಿಗೆ ಕಲ್ಲು ಹಾಕ್ತಿದ್ದ, ಜಿರಳೆ ಮೇಲೆ ಬಂದರೆ ಒಳಗೆ ಗಾಳಿ ಇದೆ ಅಂತ ಲೆಕ್ಕ. ಅಳು ಇಲ್ಲ, ಹಿನ್ನೆಲೆ ಸಂಗೀತ ಇಲ್ಲ. ಮಾರ್ಕೆಟ್ಟಿನ ರೇಟು ಹೇಳಿದ ಹಾಗೆ.

ನಂಗೆ ನೆನಪಾದದ್ದು ಬೈಲಹೊಂಗಲ ಕಡೆಯ ಹಗೇವು. ಜೋಳ ತುಂಬಿ, ಬಾಯಿ ಮುಚ್ಚಿ ಇಡ್ತಿದ್ದ ನೆಲದೊಳಗಿನ ಕಣಜ. ಕಾಳೂ ಉಸಿರಾಡತ್ತೆ, ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಮ್ಮಿಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿರತ್ತೆ. ಅದಕ್ಕೇ ಬಾಯಿ ತೆಗೆದು, ಗಾಳಿಯಾಡಲು ಬಿಟ್ಟು, ಕಂದೀಲು ಇಳಿಸಿ ನೋಡೋದು. “ದೀಪ ಆರಿತಂದ್ರ ಇಳೀಬ್ಯಾಡ” ಅನ್ನೋದು ನಮ್ಮಜ್ಜನ ಮಾತು. ಆಫೀಸಲ್ಲಿ ಇದನ್ನ ಹಿರಿಯರ ವಿಜ್ಞಾನ ಅಂತ ಎಷ್ಟು ಸಲ ಕೊಚ್ಚಿಕೊಂಡಿದ್ದೀನೋ.

ಆದರೆ ಚರಂಡಿಯ ಹೈಡ್ರೋಜನ್ ಸಲ್ಫೈಡ್ ಮುಂದೆ ಕಂದೀಲಿನ ಆಟ ನಡೆಯಲ್ಲ. ಮನುಷ್ಯನ್ನ ಬೀಳಿಸೋಷ್ಟು ವಿಷ ಇದ್ದರೂ ದೀಪ ಉರೀತಾನೇ ಇರತ್ತೆ. ವಿಷ ಹೆಚ್ಚಾದಾಗ ಕೊಳೆತ ಮೊಟ್ಟೆಯ ವಾಸನೆಯೂ ಮೂಗಿಗೆ ತಿಳಿಯಲ್ಲ. ನಾವು ಕೋವಿಡ್‌ನಲ್ಲಿ ಹಾಕಿಕೊಂಡಂಥ ಮಾಸ್ಕು ಧೂಳು ಸೋಸತ್ತೆ, ಅಷ್ಟೇ. ಇಲ್ಲದ ಗಾಳಿಯನ್ನ ಸೋಸೋದು ಹೇಗೆ? ಅಲ್ಲಿ ಬೇಕಾದ್ದು ಹೊರಗಿನ ಒಳ್ಳೆ ಗಾಳಿಯನ್ನ ಪೈಪಿನಲ್ಲಿ ಮುಖಕ್ಕೇ ತಲುಪಿಸೋ ಮುಖವಾಡ. ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ 2013ರ ನಿಯಮಗಳು ಮಾಲೀಕ ಕೊಡಲೇಬೇಕಾದ ಸಾಧನಗಳ ಪಟ್ಟಿಯಲ್ಲಿ ಇದನ್ನ ಸೇರಿಸಿವೆ. ಸಿನಿಮಾ ಬಂದದ್ದು ಅದರ ಮರುವರ್ಷ.

ಹಾಗಾಗಿ ನನ್ನ ತಕರಾರು. ವಕೀಲನಿಗೆ ಸೂಪರ್‌ಮಾರ್ಕೆಟ್ಟು, ಸರ್ಕಾರಿ ವಕೀಲೆಗೆ ನಾಟಕ, ಜಡ್ಜಿಗೆ ಪಿಕ್ನಿಕ್ಕು ಎಲ್ಲಾ ತೋರಿಸುವ ತಮ್ಹಾಣೆ, ಆ ಹೆಂಗಸನ್ನ ಮಾತ್ರ ಒಂದು ಕಾರು ಪ್ರಯಾಣದ ನಂತರ ಬಿಟ್ಟುಬಿಡ್ತಾರೆ. ಹಾಡು ಬರೆದವನ ಮೇಲೆ ಕೇಸು. ಬರಿಗೈಲಿ ಇಳಿಸಿದವರ ಮೇಲೆ ಇಲ್ಲ. ಕೋರ್ಟು ಹೀಗೇ ನೋಡತ್ತೆ ಅನ್ನೋದು ನಿರ್ದೇಶಕರ ವಾದ ಇರಬಹುದು. ಅದು ಸರಿಯೇ. ಆದರೆ ಕ್ಯಾಮೆರಾ ಕೋರ್ಟಿನಷ್ಟೇ ದೂರ ಕೂರಬೇಕಿತ್ತಾ?

ಹೀಗೆ ಬರೆದು, ಹಗೇವಿನ ವಿವರ ಖಾತ್ರಿ ಮಾಡಿಕೊಳ್ಳೋಕೆ ಊರಿಗೆ ಫೋನ್ ಮಾಡಿದೆ.

“ಅವ್ವಾ, ಕಂದೀಲ ಬಿಟ್ಟ ಮ್ಯಾಲ ಅಜ್ಜ ತಾನ ಇಳೀತಿದ್ದನ?”

“ಅಂವ ಯಾಕ ಇಳೀತಾನ? ಆಳಮನಶ್ಯಾ ಇಳೀತಿದ್ದ. ಅಜ್ಜ ಮ್ಯಾಲ ನಿಂದರ್ತಿದ್ದ.”

“ಯಾರಂವ?”

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಹೆಸರ ನೆನಪಿಲ್ಲೋ ತಮ್ಮಾ. ಹಿತ್ತಲ ಕಡಿಯಿಂದ ಬರ್ತಿದ್ದ.”