ಖಳ ಬೇಕು ಅನ್ನುವ ನೋಡುಗರು

ಬಿಬಿಸಿಯ 'ಲೈನ್ ಆಫ್ ಡ್ಯೂಟಿ' ಭ್ರಷ್ಟ ಪೊಲೀಸರನ್ನು ಪೊಲೀಸರೇ ಬೆನ್ನಟ್ಟುವ ಧಾರಾವಾಹಿ. 2021ರ ಮೇ 2ರಂದು ಅದರ ಆರನೇ ಸರಣಿಯ ಕೊನೆಯ ಕಂತನ್ನು ಬ್ರಿಟನ್ನಿನಲ್ಲಿ 1.28 ಕೋಟಿ ಜನ ನೋಡಿದರು. ವರ್ಷಗಟ್ಟಲೆ ಹುಡುಕಿದ 'ಎಚ್' ಎಂಬ ಸೂತ್ರಧಾರ ಕೊನೆಗೆ ಬಕಲ್ಸ್ ಎಂಬ ಪೆದ್ದ ಅಧಿಕಾರಿ! ಬಹಳ ಮಂದಿ ಸಿಟ್ಟಾದರು: ಇಷ್ಟೇನಾ?

ಅವರಿಗೆ ಬೇಕಾಗಿದ್ದದ್ದು ಭಾರೀ ಖಳ. ಅವನು ಸಿಕ್ಕಿಬಿದ್ದರೆ ಮಿಕ್ಕ ಠಾಣೆಯೆಲ್ಲ ಶುದ್ಧ. ಆದರೆ ಅದೇ ಸರಣಿಯಲ್ಲಿ ಲಾರೆನ್ಸ್ ಕ್ರಿಸ್ಟೋಫರ್ ಎಂಬ ಕಪ್ಪು ಯುವಕನ ಕೊಲೆಯ ತನಿಖೆ ಹಳ್ಳ ಹಿಡಿದ ಕತೆಯೂ ಇದೆ. ಅದು 1993ರಲ್ಲಿ ಲಂಡನ್ನಿನಲ್ಲಿ ಕೊಲೆಯಾದ ಸ್ಟೀಫನ್ ಲಾರೆನ್ಸನನ್ನು ನೆನಪಿಸುತ್ತದೆ. ಆ ಪ್ರಕರಣದಲ್ಲಿ 1999ರ ಮ್ಯಾಕ್‌ಫರ್ಸನ್ ವರದಿ ಕಂಡದ್ದು ಪೊಲೀಸ್ ವ್ಯವಸ್ಥೆಯೊಳಗೇ ಬೇರುಬಿಟ್ಟ ಜನಾಂಗದ್ವೇಷವನ್ನು. ಅದು ನಡೆಯಲು ಸೂತ್ರಧಾರ ಯಾಕೆ? ತೆಪ್ಪಗಿರುವ ಬಕಲ್ಸ್‌ಗಳು ಸಾಕು.

ಈ ಖಳನ ಹಂಬಲ ನಮಗೂ ಇದೆ. ದೌರ್ಜನ್ಯ ನಡೆದಾಗ ಒಬ್ಬ ಇನ್‌ಸ್ಪೆಕ್ಟರ್ ಸಸ್ಪೆಂಡಾದರೆ ಗೆದ್ದೆವು ಅಂತ ಮನೆಗೆ ಹೋಗ್ತೀವಿ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಲ್ಲಿ 'ಎಚ್' ಯಾರು? ದೂರು ಹೇಗೆ ದಾಖಲಾಯಿತು, ಸಾಕ್ಷಿಗಳ ಬೆನ್ನಿಗೆ ಯಾರು ನಿಂತರು, ಅಷ್ಟು ವರ್ಷ ಯಾಕೆ ಹಿಡಿಯಿತು ಎಂದು ಕೇಳುತ್ತ ಹೋಗುವುದೇ ದಲಿತ ವಿಮರ್ಶೆಯ ಕೆಲಸ.